ಮಂಚದಡಿಯ ಬೋರ್ಡು

"ಸೂಜಿ ಚುಚ್ಚೋದು ಕಲಿಯಾಕೆ ಐದೂವರೆ ವರ್ಸ ಬೇಕೇನಮ್ಮಾ? ನಮ್ಮ ಕೆಲಮಂಗಲದ ಟೈಲರು ಆರು ತಿಂಗ್ಳಲ್ಲಿ ಕೋಟು ಹೊಲಿಯಾಕೆ ಕಲ್ತ" ಎಂದು ದೊಡ್ಡಣ್ಣ ಹೇಳಿದಾಗ ಮುನಿರಾಜನ ತಲೆಯ ತುಂಬ ಸೂಜಿಗಳಿದ್ದವು. ಬಲಗೈಯಲ್ಲಿ ಇನ್ನಷ್ಟಿದ್ದವು. ಸೂಜಿ ಇರುವಷ್ಟು ಹೊತ್ತು ಅಲ್ಲಾಡಬಾರದು, ಮಾತಾಡಬಾರದು ಎಂಬುದು ಸೂಜಿ ಚಿಕಿತ್ಸೆ ಕೊಡುವ ಮೂರ್ತಿಯ ಕಟ್ಟಳೆ. ಮುನಿರಾಜನಷ್ಟು ಚೆನ್ನಾಗಿ ಅದನ್ನು ಪಾಲಿಸುವ ರೋಗಿ ಹೊಸೂರಿನಲ್ಲಿ ಇನ್ನೊಬ್ಬನಿರಲಿಲ್ಲ. ಲಕ್ವ ಹೊಡೆದ ದಿನದಿಂದ ಅವನ ಬಲಭಾಗ ಅಲ್ಲಾಡುತ್ತಿರಲಿಲ್ಲ, ಮಾತು ಹೊರಡುತ್ತಿರಲಿಲ್ಲ.

"ಟೈಲರ್‌ಗೆ ಬಟ್ಟೆ ಮಾವ. ಇಲ್ಲಿ ಮನುಷ್ಯರು" ಎಂದಳು ಮೇಘಶ್ರೀ. ಅವಳು ಅಪ್ಪನ ಕಾಲ ಹತ್ತಿರ ನಿಂತು, ಯಾವ ಸೂಜಿಯಾದರೂ ವಾಲಿದೆಯೇ ಎಂದು ನೋಡುತ್ತಿದ್ದಳು.

"ಎರಡರಾಗೂ ಓಡೋದು ಸೂಜಿನೇ ಅಲ್ವಾ? ಅದ್ಕೇ ಹೇಳಿದ್ದು. ಕೃಷ್ಣಗಿರೀಲಿ ಭಾನ್ವಾರ ಭಾನ್ವಾರ ಕ್ಲಾಸು. ಒಂದು ವರ್ಸಕ್ಕೆ ಡಿಪ್ಲೊಮಾ. ಇನ್ನೊಂದು ವರ್ಸ ಎಳುದ್ರೆ ಎಂ.ಡಿ. ಅದರ ಮ್ಯಾಲೆ ಆರು ತಿಂಗ್ಳು ಹೋದ್ರೆ ಡಾಕ್ಟರೇಟು. ನಿನ್ನ ಡಿಗ್ರಿ ಅರ್ಧ ದಾರಿಗೆ ಬರೋ ಹೊತ್ಗೆ ಇಲ್ಲಿ ಎಲ್ಲಾ ಮುಗ್ದೋಗಿರ್ತದೆ."

ದೊಡ್ಡಣ್ಣ ಮೇಘಶ್ರೀಯ ಸೋದರಮಾವ. ಕೃಷ್ಣಗಿರಿಯ ಮಾವಿನ ಮಂಡಿಯಲ್ಲಿ ಅವನದು ದಲ್ಲಾಳಿ ಕೆಲಸ. ಕಾಯನ್ನು ಬೇಗ ಹಣ್ಣು ಮಾಡುವ ವಿದ್ಯೆ ತಿಳಿದವನಿಗೆ ಸೋದರಸೊಸೆಯನ್ನು ಬೇಗ ಡಾಕ್ಟರು ಮಾಡುವ ದಾರಿಯೂ ಹೊಳೆದದ್ದರಲ್ಲಿ ಆಶ್ಚರ್ಯವೇನಿಲ್ಲ ಎಂದುಕೊಂಡ ಮುನಿರಾಜ. ಹಿಂದಿನ ಮುನಿರಾಜನಾಗಿದ್ದರೆ ಇದನ್ನು ಬಾಯಿಬಿಟ್ಟು ಹೇಳಿ, ಮೊದಲು ತಾನೇ ನಕ್ಕು, ದೊಡ್ಡಣ್ಣನನ್ನೂ ನಗಿಸಿಬಿಡುತ್ತಿದ್ದ.

"ಭಾವನ್ನೇ ಕೇಳಾನ. ಏನ್ ಭಾವ, ಡಿಗ್ರಿನಾ? ಡಿಪ್ಲೊಮಾನಾ?"

"ಮಂಗಳ್ವಾರ" ಎಂದ ಮುನಿರಾಜ.

ಅವನಲ್ಲಿ ಉಳಿದಿದ್ದ ಮಾತು ಅದೊಂದೇ. ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಯಲ್ಲಿ ಅವನಿಗೆ 'ರೇಡಿಯೋ' ಎಂಬ ಹೆಸರಿತ್ತು. ಮನೆಯವರೊಡನೆ ಕನ್ನಡ, ಸೂಪರ್‌ವೈಸರ್ ಜೊತೆ ತಮಿಳು, ಬೈಯುವುದಕ್ಕೆ ತೆಲುಗು. ಮೂರು ಭಾಷೆಗಳನ್ನೂ ಲಕ್ವ ಒಂದೇ ಬೆಳಿಗ್ಗೆ ಗುಡಿಸಿಕೊಂಡು ಹೋಗಿತ್ತು. ಹೋಗುವಾಗ ಕೈಜಾರಿ ಬಿಟ್ಟದ್ದೆಂದರೆ ಈ ಒಂದು ದಿನದ ಹೆಸರು. ಫ್ಯಾಕ್ಟರಿಗೆ ಮಂಗಳವಾರ ರಜ, ಅದಕ್ಕೇ ಇರಬೇಕು ಎಂದು ಹೆಂಡತಿ ಶ್ಯಾಮಲಾ ಊಹಿಸಿದ್ದಳು. ಕಾಫಿ ಬೇಕೆಂದರೂ ಮಂಗಳವಾರ, ಬೇಡವೆಂದರೂ ಮಂಗಳವಾರ. ಒಳಗೆ ಮಾತ್ರ ಎಲ್ಲವೂ ಇದ್ದ ಹಾಗೇ ಇತ್ತು, ವ್ಯಂಗ್ಯವೂ ಸೇರಿ.

"ಮಂಗಳ್ವಾರ ಶುಭಕಾರ್ಯ ಸುರು ಮಾಡಲ್ಲ ಭಾವ. ಬುಧ್ವಾರ ಸೇರ್ಸಾನ ಬಿಡು" ಎಂದು ದೊಡ್ಡಣ್ಣ ತೀರ್ಮಾನಿಸಿದ.

ಗೋಡೆಯ ಮೇಲೆ ಒಬ್ಬ ಬೆತ್ತಲೆ ಮನುಷ್ಯನ ಚಿತ್ರವಿತ್ತು. ನೆತ್ತಿಯಿಂದ ಕಾಲ ಕಿರುಬೆರಳಿನವರೆಗೆ ಗೆರೆಗಳು, ಗೆರೆಗಳ ಮೇಲೆ ಚುಕ್ಕೆಗಳು. ಇಲ್ಲಿಗೆ ಬರತೊಡಗಿದ ಮೇಲೆ ಮುನಿರಾಜನಿಗೆ ಅವನೊಬ್ಬ ಗೆಳೆಯ. ಅವನೂ ಏನೂ ಮಾತಾಡುತ್ತಿರಲಿಲ್ಲ. ಅವನ ಮುಂದೆಯೂ ಜನ ಏನು ಬೇಕಾದರೂ ಮಾತಾಡುತ್ತಿದ್ದರು.

*

ಮೇಘಶ್ರೀಗೆ ಸೀಟು ಬಂದಿತ್ತು. ಚೆನ್ನೈ ಕಡೆಯ ಕಾಲೇಜು, ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಡಿಗ್ರಿ. ಅದರಲ್ಲೇ ಸೂಜಿ ಚಿಕಿತ್ಸೆಯ ಪಾಠವೂ ಇತ್ತು. ಅದು ಮುಗಿದ ಮೇಲೆ ಅದೊಂದರಲ್ಲೇ ಎಂ.ಡಿ. ಮಾಡಬಹುದು. ಪ್ಲಸ್ ಟೂ ಪರೀಕ್ಷೆಗೆ ಓದುವಾಗ ಹುಡುಗಿ ಗೋಡೆಗೆ ಅಂಟಿಸಿಕೊಂಡಿದ್ದದ್ದು ಇದನ್ನೇ. ಸೇರುವ ತಾರೀಕು ಹತ್ತಿರ ಬರುತ್ತಿತ್ತು. ಅಷ್ಟರಲ್ಲಿ ಮುನಿರಾಜನ ತೋರುಬೆರಳು ಎದ್ದು ಎಲ್ಲ ಕೆಡಿಸಿತು.

ಅವತ್ತು ಬೆಳಿಗ್ಗೆ ಜಗಲಿಯ ಬಿಸಿಲಿನಲ್ಲಿ ಅವನನ್ನು ಕೂರಿಸಿ, ಮೂರ್ತಿ ತೋರಿಸಿಕೊಟ್ಟಂತೆ ಅವನ ಬಲಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಮೆತ್ತನೆ ಜಾಗವನ್ನು ಮೇಘಶ್ರೀ ಒತ್ತುತ್ತಿದ್ದಳು. ಸುಮ್ಮನೆ ಒತ್ತುವುದಲ್ಲ, ಒತ್ತಿ ಹಿಡಿದು ಕಾಯುವುದು. ಒಲೆಯ ಮೇಲೆ ಹಾಲಿಟ್ಟು ಕಾಯುವವರ ಹಾಗೆ ಅವಳು ಕಾಯುತ್ತಿದ್ದಳು. ತೋರುಬೆರಳು ಎದ್ದಿತು. ಎದ್ದು, ತನಗೇ ನಾಚಿಕೆಯಾದಂತೆ ಮತ್ತೆ ಮಲಗಿತು.

"ಅಮ್ಮಾ!" ಎಂದು ಅವಳು ಕಿರುಚಿದ ರೀತಿಗೆ ಒಳಗಿಂದ ಶ್ಯಾಮಲಾ ಸೌಟು ಹಿಡಿದೇ ಓಡಿಬಂದಳು, ಪಕ್ಕದ ಮನೆಯವರು ಹಾವು ಬಂತೆಂದು ಕೋಲು ಹಿಡಿದು ಬಂದರು. ಇನ್ನೊಮ್ಮೆ ಒತ್ತಿದಳು, ಇನ್ನೊಮ್ಮೆ ಎದ್ದಿತು. ಮೂರ್ತಿ ಕೈಯಲ್ಲಿ ತಿಂಗಳುಗಟ್ಟಲೆ ಆಗದ್ದು ಮಗಳ ಕೈಯಲ್ಲಿ ಆಯಿತು ಎಂದು ಶ್ಯಾಮಲಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಆ ಸಂಜೆಯೇ ಮೇಘಶ್ರೀ ಅಪ್ಪನ ಮುಂದೆ ಕಾಲು ಮಡಿಚಿ ಕೂತಳು. "ನಾನ್ ಹೋಗಲ್ಲಪ್ಪ. ಡಿಪ್ಲೊಮಾನೇ ಮಾಡ್ತೀನಿ. ಭಾನ್ವಾರ ಒಂದಿನ ಕ್ಲಾಸು, ಉಳಿದ ದಿನವೆಲ್ಲ ನಿನ್ ಜೊತೇಗಿರ್ತೀನಿ. ನಾನ್ ಬಿಟ್ಟೋದ್ರೆ ಈ ಬೆರಳು ಮತ್ತೆ ಮಲ್ಕೊಂಬುಡ್ತದೆ. ಐದೂವರೆ ವರ್ಸ ಓದಿ ಬಂದು ಯಾರ್ನ ನೋಡ್ಲಿ ನಾನು?"

ಮುನಿರಾಜನಿಗೆ ಆ ಕ್ಷಣ ಸಂತೋಷವಾದದ್ದು ಸುಳ್ಳಲ್ಲ. ಮಗಳು ಮನೆಯಲ್ಲಿರುತ್ತಾಳೆ, ದಿನಾ ಬೆಳಿಗ್ಗೆ ಈ ಕೈಯನ್ನು ಹಿಡಿಯುತ್ತಾಳೆ, ಒಂದೊಂದೇ ಬೆರಳು ಏಳುತ್ತದೆ. ಇಷ್ಟು ಆಸೆ ಯಾರಿಗಿರುವುದಿಲ್ಲ? ಆ ಸಂತೋಷವನ್ನು ಅವನು ಎರಡು ದಿನ ಬಾಯಲ್ಲಿಟ್ಟುಕೊಂಡು ಚಪ್ಪರಿಸಿದ.

*

ಮೂರನೆಯ ದಿನ ಮೂರ್ತಿಯ ಕ್ಲಿನಿಕ್ಕಿನಲ್ಲಿ ಸೂಜಿ ಚುಚ್ಚಿಸಿಕೊಂಡು ಮಲಗಿದ್ದ. ಮೇಘಶ್ರೀ ಪಕ್ಕದ ಜೆರಾಕ್ಸ್ ಅಂಗಡಿಗೆ ಹೋಗಿದ್ದಳು, ಡಿಪ್ಲೊಮಾ ಕ್ಲಾಸಿಗೆ ಬೇಕಾದ ಕಾಗದಗಳ ಪ್ರತಿ ಮಾಡಿಸುವುದಕ್ಕೆ. ಮೂರ್ತಿಯ ಫೋನು ಬಡಿದುಕೊಂಡಿತು. "ಎಲ್ಲಿ? ಯಾವಾಗ್ಲೋ? ಸರಿ ಸರಿ" ಎಂದು ಮೂರೇ ಮಾತಾಡಿ ಅವನು ಹೊರಗೆ ಹೋದ. ಕುರ್ಚಿ ಎಳೆದ ಸದ್ದು, ಕೊಕ್ಕೆಯಿಂದ ತಗಡು ಕಳಚಿದ ಸದ್ದು. ಒಳಗೆ ಬಂದಾಗ ಅವನ ಕಂಕುಳಲ್ಲಿ ಬೋರ್ಡಿತ್ತು. ಹಸಿರು ಬಣ್ಣದ ಮೇಲೆ ಬಿಳಿ ಅಕ್ಷರಗಳು, ಮೂರ್ತಿಯ ಹೆಸರು, ಹೆಸರಿನ ಹಿಂದೆ ರೈಲು ಬೋಗಿಗಳಂತೆ ಅವನ ಡಿಪ್ಲೊಮಾ, ಎಂ.ಡಿ. ಎಲ್ಲ. ಎಲ್ಲಿಡುವುದೆಂದು ಒಂದು ಕ್ಷಣ ಸುತ್ತ ನೋಡಿ, ಮುನಿರಾಜ ಮಲಗಿದ್ದ ಮಂಚದ ಹಾಸುಬಟ್ಟೆಯನ್ನೆತ್ತಿ ಕೆಳಗೆ ತಳ್ಳಿದ. ತಗಡು ನೆಲಕ್ಕೆ ಉಜ್ಜಿ ಕಿರ್ರೆಂದಿತು.

"ನಕಲಿ ಡಾಕ್ಟ್ರು ಹುಡುಕ್ಕೊಂಡು ಆಫೀಸರ್‌ಗಳು ಕೃಷ್ಣಗಿರಿ ತಾವ ಬಂದವ್ರಂತೆ" ಎಂದು ಮೂರ್ತಿ ಸ್ಟೂಲಿನ ಮೇಲೆ ಕೂತ. "ನಾನ್ ನಕಲಿ ಅಲ್ಲ ಮುನಿರಾಜಣ್ಣ. ಆದ್ರೆ ಅಸಲಿ ಅಂತ ತೋರ್ಸು ಅಂದ್ರೆ ಏನ್ ತೋರಿಸ್ಲಿ? ವರ್ಸಕ್ಕೆ ಒಂದು ಸಲ, ಎರಡು ಸಲ ಇಂಗೆ ಇಳಿಸ್ತೀನಿ. ಅವ್ರು ಹೋದ್ಮೇಲೆ ಮತ್ತೆ ತಗಲಾಕ್ತೀನಿ."

ಮೂರ್ತಿ ಕೆಟ್ಟವನಲ್ಲ. ಅವನ ಕೈಯಲ್ಲಿ ನೋವು ಕಳೆದುಕೊಂಡವರು ಬಾಗಲೂರು ರಸ್ತೆಯ ಉದ್ದಕ್ಕೂ ಇದ್ದರು. ಮಾತು ಬಾರದವನ ಮುಂದೆ ಎಲ್ಲರಿಗೂ ಮಾತು ಬರುತ್ತದೆ ಎಂಬುದನ್ನು ಮುನಿರಾಜ ಈಚೆಗೆ ಕಂಡುಕೊಂಡಿದ್ದ. ಶ್ಯಾಮಲಾ ತನ್ನ ಸೊಂಟನೋವನ್ನು, ದೊಡ್ಡಣ್ಣ ಮಂಡಿಯ ತೂಕದ ಮೋಸವನ್ನು ಅವನಿಗೆ ಒಪ್ಪಿಸಿ ಹಗುರಾಗಿದ್ದರು. ಇದು ಮೂರ್ತಿಯ ಸರದಿ.

"ದೊಡ್ಡಾಸ್ಪತ್ರೆ ಡಾಕ್ಟ್ರು ಯಾರಾದ್ರೂ ಎದುರು ಬಂದ್ರೆ ನಾನು ರಸ್ತೆ ಆ ಕಡೆಗೋಗ್ತೀನಿ. ನನ್ ಕೈ ಚೆನ್ನಾಗೈತೆ ಅಣ್ಣ. ಕೈ ಎಷ್ಟು ಚೆನ್ನಾಗಿದ್ರೂ ಬೋರ್ಡು ಮಂಚದಡಿಗೆ ಹೋಗೋದು ತಪ್ಪಲ್ಲ. ನಿನ್ ಮಗಳು ಡಿಪ್ಲೊಮಾ ಅಂತಾಳೆ. ಆ ಭಾನ್ವಾರದ ಕ್ಲಾಸು ತಗೊಳ್ಳೋನು ನಾನೇ. ಸೇರ್ಬ್ಯಾಡ ಅಂತ ನಾನೆಂಗ್ ಹೇಳ್ಳಿ, ನೀನೇ ಹೇಳು."

"ಮಂಗಳ್ವಾರ" ಎಂದ ಮುನಿರಾಜ.

"ಹೂಂ. ಅದೂ ಸರೀನೇ."

ಮೇಘಶ್ರೀ ಕಾಗದ ಹಿಡಿದು ಒಳಬಂದಳು. "ಸಾರ್, ಬೋರ್ಡೇನಾಯ್ತು?"

"ಪೇಂಟಿಂಗ್‌ಗೆ ಕೊಟ್ಟಿದೀನಮ್ಮ. ಅಕ್ಷರ ಮಾಸೋಗಿತ್ತು."

"ಚೆನ್ನಾಗೇ ಇತ್ತಲ್ಲ ಸಾರ್" ಎಂದು ಅವಳು ಅಪ್ಪನ ಸೂಜಿಗಳ ಕಡೆ ತಿರುಗಿದಳು. ಮುನಿರಾಜ ಆ ಪೇಂಟಿಂಗಿನ ಮೇಲೆಯೇ ಮಲಗಿದ್ದ. ತೆಳ್ಳನೆಯ ಹಾಸಿಗೆ, ಅದರಡಿ ಹಲಗೆ, ಹಲಗೆಯಡಿ ಬೋರ್ಡು. ಬೆನ್ನಿಗೆ ಅದು ತಣ್ಣಗೆ ಚುಚ್ಚಿದಂತೆ ಅವನಿಗೆ ಅನ್ನಿಸಿತು. ಅದರ ಮೇಲೆ ಮೂರ್ತಿಯ ಹೆಸರಿದ್ದ ಜಾಗದಲ್ಲಿ ಇನ್ನೊಂದು ಹೆಸರನ್ನು ಓದಿ ನೋಡಿದ. ಮೇ, ಘ, ಶ್ರೀ. ಹೊಸ ಬಣ್ಣ. ಕುರ್ಚಿ ಹತ್ತಿ ಅದನ್ನು ಕಳಚುತ್ತಿರುವ, ಕೂದಲು ನೆರೆಯತೊಡಗಿದ ಒಬ್ಬ ಹೆಂಗಸು.

*

ಮಾರನೆಯ ಬೆಳಿಗ್ಗೆ ಮೇಘಶ್ರೀ ಒತ್ತಿದಾಗ ಬೆರಳು ಏಳಲಿಲ್ಲ.

ಎತ್ತುವುದಕ್ಕಿಂತ ಎತ್ತದೆ ಹಿಡಿಯುವುದೇ ಕಷ್ಟ ಎಂದು ಮುನಿರಾಜನಿಗೆ ಗೊತ್ತಾದದ್ದು ಆಗ. ಅವಳ ಹೆಬ್ಬೆರಳು ಒತ್ತಿದ ಕಡೆಯಿಂದ ಬಿಸಿಯಾದ ಎಳೆಯೊಂದು ಹೊರಟು ಗೆಣ್ಣಿನವರೆಗೆ ಬಂದು, ಹಾಲು ಕುಡಿಯಲು ಹಗ್ಗ ಜಗ್ಗುವ ಕರುವಿನಂತೆ ಜಗ್ಗುತ್ತಿತ್ತು. ಅವನು ಹಲ್ಲು ಕಚ್ಚಿ ಅದನ್ನು ಹಿಂದಕ್ಕೆಳೆದು ಕಟ್ಟಿಹಾಕಿದ. ಮುಖದ ಬಲಭಾಗ ಮೊದಲೇ ಜೋತುಬಿದ್ದಿದ್ದರಿಂದ ಹಲ್ಲು ಕಚ್ಚಿದ್ದು ಯಾರಿಗೂ ಕಾಣಲಿಲ್ಲ. ಲಕ್ವಕ್ಕೂ ಒಂದು ಉಪಯೋಗ.

"ಇನ್ನೊಂದ್ಸಲ ಅಪ್ಪ. ಮನಸ್ಸು ಅಲ್ಲೇ ಇಡು."

ಅವನು ಮನಸ್ಸನ್ನು ಅಲ್ಲೇ ಇಟ್ಟಿದ್ದ. ಅಲ್ಲಿಂದ ಅದನ್ನು ಒಂದು ಕ್ಷಣ ತೆಗೆದಿದ್ದರೂ ಬೆರಳು ಎದ್ದುಬಿಡುತ್ತಿತ್ತು.

ಮೊದಲ ಬೆಳಿಗ್ಗೆ ಅವಳು, "ಸುಸ್ತಾಗಿರ್ಬೇಕು" ಎಂದಳು. ಮರುದಿನ ಎಣ್ಣೆ ಬಿಸಿ ಮಾಡಿ ತಂದಳು. ಅದರ ಮರುದಿನ ಪುಸ್ತಕ ತೆರೆದು, ಜಾಗ ಸರಿಯಾಗಿದೆಯೇ ಎಂದು ತನ್ನ ಕೈಯ ಮೇಲೆ ಒತ್ತಿ ನೋಡಿಕೊಂಡು, ಗುರುತಿಗೆ ಪೆನ್ನಿನ ಚುಕ್ಕೆ ಇಟ್ಟುಕೊಂಡಳು. ಅವನ ಕೈ ಮೇಲೂ ಒಂದು ಚುಕ್ಕೆ ಇಟ್ಟಳು. "ಏನ್ ತಪ್ ಮಾಡ್ತಿದೀನಪ್ಪ ನಾನು? ಅವತ್ತು ಎದ್ದಿತ್ತಲ್ಲ?"

ಫ್ಯಾಕ್ಟರಿಯಲ್ಲಿ ಮುನಿರಾಜನದು ಇನ್‌ಸ್ಪೆಕ್ಷನ್ ಕೆಲಸವಾಗಿತ್ತು. ಬಂದ ಪಿನ್ನನ್ನು ಅಳತೆಯ ಗೇಜಿನೊಳಗೆ ತೂರಿಸಬೇಕು. ಹೋದರೆ ಪಾಸು, ಹೋಗದಿದ್ದರೆ ಕೆಂಪು ಡಬ್ಬ. ಕೆಟ್ಟ ಪೀಸನ್ನು ಪಾಸು ಮಾಡಿದರೆ ಕಂಪನಿಗೆ ಏಟು. ಒಳ್ಳೆಯ ಪೀಸನ್ನು ಕೆಂಪು ಡಬ್ಬಕ್ಕೆ ಹಾಕಿದರೆ ಮಿಷಿನ್ನಿನ ಮುಂದೆ ನಿಂತು ಅದನ್ನು ಮಾಡಿದವನಿಗೆ ಏಟು. ಎರಡನೆಯದೇ ದೊಡ್ಡ ಪಾಪ ಎಂದು ಅವನು ಹೊಸ ಹುಡುಗರಿಗೆಲ್ಲ ಮೂರು ಭಾಷೆಯಲ್ಲಿ ಬೋಧಿಸಿದ್ದ. ಆ ಪಾಪವನ್ನು ಸರ್ವೀಸಿನಲ್ಲಿ ಒಮ್ಮೆಯೂ ಮಾಡದವನು ಈಗ ದಿನಾ ಬೆಳಿಗ್ಗೆ ಜಗಲಿಯಲ್ಲಿ ಕೂತು ಮಾಡುತ್ತಿದ್ದ.

"ನನ್ ಕೈಲಿ ಏನೂ ಇಲ್ಲಮ್ಮ" ಎಂದು ಒಂದು ಮಧ್ಯಾಹ್ನ ಮೇಘಶ್ರೀ ಅಡುಗೆಮನೆಯಲ್ಲಿ ಹೇಳುವುದು ಅವನಿಗೆ ಕೇಳಿಸಿತು. "ಸುಮ್ನೆ ಅಂಗನ್ಕೊಂಡಿದ್ದೆ."

"ಅಂಗನ್ಬ್ಯಾಡ ಕಣೆ. ದೇವ್ರು ಕೊಟ್ಟಂಗೆ ಕೊಟ್ಟು ಕಿತ್ಕೊಂಡವ್ನೆ, ನೀನೇನ್ ಮಾಡ್ತೀಯ" ಎಂದಳು ಶ್ಯಾಮಲಾ. ದೇವರು ಆಚೆ ಜಗಲಿಯಲ್ಲಿ ಕೂತು ಲುಂಗಿಯ ಮೇಲಿದ್ದ ತನ್ನ ಬೆರಳನ್ನೇ ನೋಡುತ್ತಿದ್ದ.

ಕಂಡುಹಿಡಿದವನು ಮೂರ್ತಿ. ಆ ವಾರ ಕ್ಲಿನಿಕ್ಕಿನಲ್ಲಿ ಮುನಿರಾಜನ ಬಲ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ನಾಡಿ ನೋಡುತ್ತ, "ಈಗ ಒತ್ತಮ್ಮ" ಎಂದ. ಮೇಘಶ್ರೀ ಒತ್ತಿದಳು. ಬೆರಳು ಏಳಲಿಲ್ಲ. ಆದರೆ ಮೂರ್ತಿಯ ಬೆರಳುಗಳಡಿಯಲ್ಲಿ ಮಣಿಕಟ್ಟಿನ ನರ ತಂತಿಯಂತೆ ಬಿಗಿಯಿತು. ಸತ್ತ ಬೆರಳಿನ ನರ ಹಾಗೆ ಸೆಟೆಯುವುದಿಲ್ಲ. ಮೂರ್ತಿ ತಲೆಯೆತ್ತಿ ಮುನಿರಾಜನನ್ನು ನೋಡಿದ. ಮುನಿರಾಜ ಕಣ್ಣು ತಪ್ಪಿಸಲಿಲ್ಲ. ಕಣ್ಣನ್ನು ನಿಧಾನವಾಗಿ ಕೆಳಗಿಳಿಸಿ, ಮಂಚದ ಅಂಚನ್ನು ನೋಡಿ, ಮತ್ತೆ ಮೂರ್ತಿಯನ್ನು ನೋಡಿದ. ಬೋರ್ಡು ಎಂದೋ ಹೊರಗೆ ಹೋಗಿ ತನ್ನ ಕೊಕ್ಕೆಯಲ್ಲಿ ತೂಗುತ್ತಿತ್ತು. ಆದರೂ ಮೂರ್ತಿಗೆ ಅರ್ಥವಾಯಿತು.

ಅವನು ನಾಡಿಯಿಂದ ಬೆರಳು ತೆಗೆದ.

"ಮೇಘಾ" ಎಂದ. "ಇದು ನಮ್ಮಂಥೋರ ಕೈಲಾಗೋದಲ್ಲಮ್ಮ. ಎಲ್ಲಿ ಚುಚ್ಚಬೇಕು ಅಂತ ನಂಗೊತ್ತು. ಚುಚ್ಚಿದ್ರೆ ಒಳಗೇನಾಯ್ತದೆ ಅಂತ ಕೇಳಿದ್ರೆ ಗೊತ್ತಿಲ್ಲ. ನೀನು ಅದನ್ನ ಓದ್ಕೊಂಡು ಬಾ. ನನ್ ಭಾನ್ವಾರದ ಕ್ಲಾಸಲ್ಲಿ ಅದು ಸಿಗಲ್ಲ."

"ಅಷ್ಟು ದಿನ ಅಪ್ಪನ್ನ ಯಾರ್ ನೋಡ್ತಾರೆ ಸಾರ್?"

"ನಾನು ಸತ್ತೋಗಿದೀನಾ? ವಾರವಾರ ಮನೆಗೇ ಬತ್ತೀನಿ, ಹೋಗು."

ಮೇಘಶ್ರೀ ಅಪ್ಪನ ಕೈಯನ್ನು ಹಾಸಿಗೆಯ ಮೇಲೆ ಮೆಲ್ಲನಿಟ್ಟಳು. ಆಮೇಲೆ ಹೋಗಿ ನಲ್ಲಿಯಲ್ಲಿ ತನ್ನ ಕೈ ತೊಳೆದುಕೊಂಡಳು. ಪೆನ್ನಿನ ಚುಕ್ಕೆ ಹೋಗುವ ತನಕ ಉಜ್ಜಿ ಉಜ್ಜಿ ತೊಳೆದಳು.

*

ಹೊಸೂರು ಬಸ್‌ಸ್ಟ್ಯಾಂಡಿಗೆ ಆಟೋದಲ್ಲಿ ಅವನನ್ನೂ ಕರೆದುಕೊಂಡು ಹೋಗಿದ್ದರು. ದೊಡ್ಡಣ್ಣ ಒಂದು ಬುಟ್ಟಿ ಮಾವಿನಹಣ್ಣು ತಂದು, "ಹಾಸ್ಟೆಲ್‌ನಲ್ಲಿ ಎಲ್ರಿಗೂ ಕೊಡು. ಡಾಕ್ಟ್ರಾಗೋ ಹೊತ್ಗೆ ಬೀಜ ಹಾಕಿದ್ರೂ ಮರ ಕಾಯಿ ಬಿಟ್ಟಿರ್ತದೆ" ಎಂದ. ಸೋತವನು ಅಷ್ಟು ಆಡಿಕೊಳ್ಳುವುದರಲ್ಲಿ ತಪ್ಪಿರಲಿಲ್ಲ. ಮೇಘಶ್ರೀ ಆಟೋದೊಳಗೆ ಬಗ್ಗಿ ಅಪ್ಪನ ಬಲಗೈ ಹಿಡಿದಳು. ಒತ್ತಲಿಲ್ಲ, ಸುಮ್ಮನೆ ಹಿಡಿದಳು. ಆಗ ಬೆರಳು ಜಗ್ಗಿದಷ್ಟು ಇನ್ನೆಂದೂ ಜಗ್ಗಿರಲಿಲ್ಲ. ಮುನಿರಾಜ ಎದುರಿನ ಬಸ್ಸಿನ ಹಿಂಭಾಗದಲ್ಲಿದ್ದ ಜಾಹೀರಾತನ್ನು ಅಕ್ಷರ ಅಕ್ಷರವಾಗಿ ಓದಿದ. ಓದಿ ಮುಗಿಯುವಷ್ಟರಲ್ಲಿ ಅವಳು ಕೈಬಿಟ್ಟಿದ್ದಳು.

ಅವನ ಲೆಕ್ಕಾಚಾರ ಸರಳವಾಗಿತ್ತು. ಈಗಲೇ ಬೆರಳೆತ್ತಿದರೆ ಹುಡುಗಿ ಮರುಬಸ್ಸಿಗೆ ವಾಪಸ್ಸು. ಅಲ್ಲಿ ಒಗ್ಗಿಕೊಳ್ಳಲಿ, ಬಿಳಿ ಕೋಟು ಬರಲಿ, ಹಿಂದಿರುಗುವ ಮಾತು ಮುಗಿಯಲಿ. ಆಮೇಲೆ ಒಂದು ದಿನ ಫೋನಿನಲ್ಲಿ ಮುಖ ಕಂಡಾಗ, ಏನೂ ಹೇಳದೆ, ಅದನ್ನೆತ್ತಿ ತೋರಿಸಿಬಿಡುವುದು. ನಿನ್ನ ಕೈಯಲ್ಲಿ ಎಲ್ಲ ಇತ್ತು ಎಂದು ಹೇಳುವುದಕ್ಕೆ ಇದಕ್ಕಿಂತ ಹೆಚ್ಚಿನ ಮಾತು ಬೇಕಿಲ್ಲ. ಹಬ್ಬಕ್ಕೆಂದು ತಂದ ಸೀರೆಯನ್ನು ಟ್ರಂಕಿನ ತಳದಲ್ಲಿ ಮುಚ್ಚಿಟ್ಟವನ ಗುಟ್ಟಿನ ಖುಷಿ ಅವನಿಗಿತ್ತು.

ಮೂರ್ತಿ ಮಾತಿನಂತೆ ವಾರವಾರ ಬಂದ. ಬಂದು ಸೂಜಿ ಇಟ್ಟು, ಅದನ್ನು ಹೆಬ್ಬೆರಳು ತೋರುಬೆರಳ ನಡುವೆ ತಿರುವಿ ಕಾಯುತ್ತಿದ್ದ. ಶ್ಯಾಮಲಾ ಒಳಗಿದ್ದಾಗ ಒಂದು ಸಲ ಬಗ್ಗಿ ಮೆಲ್ಲಗೆ ಹೇಳಿದ. "ಇನ್ಯಾಕ್ ಹಿಡ್ಕೊಂಡಿದೀಯಣ್ಣ? ಹುಡ್ಗಿ ಹೋದ್ಲಲ್ಲ. ಬಿಟ್ಬುಡು."

"ಮಂಗಳ್ವಾರ" ಎಂದ ಮುನಿರಾಜ. ಇವನಿಗೇನು ಗೊತ್ತು, ಇನ್ನೂ ಕೋಟು ಬಂದಿಲ್ಲ ಎಂದುಕೊಂಡ. ಮೂರ್ತಿ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು, ಜಾಗ ಬದಲಿಸಿ ಮತ್ತೆ ಒತ್ತಿ ನೋಡಿದ. ಅವತ್ತು ತಂತಿಯಂತೆ ಬಿಗಿದ ನರವನ್ನು ಹುಡುಕುವಂತಿತ್ತು. ಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿಕೊಂಡು ಹೊರಟ. ಮೆಟ್ಟಿಲಿಳಿಯುವಾಗ ಒಮ್ಮೆ ನಿಂತು ತಿರುಗಿ ನೋಡಿದ.

ಕೋಟು ಬಂತು. ಬೆಳಿಗ್ಗೆ ಜಗಲಿಯ ಬಿಸಿಲಿನಲ್ಲೇ ಶ್ಯಾಮಲಾ ಫೋನನ್ನು ಅವನ ಮುಖದ ಮುಂದೆ ಹಿಡಿದಳು. ಪುಟ್ಟ ಪರದೆಯ ತುಂಬ ಬಿಳಿ ಕೋಟು, ಅದರ ಮೇಲೆ ಮಗಳ ಮುಖ. ಸ್ವಲ್ಪ ಸಣ್ಣಗಾಗಿದ್ದಳು.

"ಅಪ್ಪಾ, ಚೆನ್ನಾಗೈತಾ? ಭುಜ ಸ್ವಲ್ಪ ದೊಡ್ಡದಾಯ್ತು. ಗೊತ್ತಾ, ನಿನ್ನೆ ಕೈಯೊಳಗಿನ ನರ ಎಲ್ಲ ಪಾಠ ಮಾಡಿದ್ರು. ನಿನ್ ಬೆರಳಿಗೆ ಹೋಗೋದು ಯಾವ್ದು ಅಂತ ನಂಗೀಗ ಗೊತ್ತು. ಇಲ್ಲಿಂದ ಬತ್ತದೆ ನೋಡು" ಎಂದು ತನ್ನ ಕೈಯನ್ನು ಪರದೆಯ ಹತ್ತಿರ ತಂದು, ಮೊಣಕೈಯಿಂದ ಗೆರೆ ಎಳೆಯುತ್ತ ತೋರುಬೆರಳಿನ ತುದಿಗೆ ಬಂದಳು. "ಆ ನರ ತಾನೇ ಮಿಡಿದು ಆವತ್ತು ಎದ್ದಿದ್ದಿರ್ಬೇಕು. ನಾನು ಒತ್ತಿದ್ದಕ್ಕಲ್ಲ ಅನ್ಸುತ್ತೆ. ಅದಾಗೇ ಎದ್ದಿದ್ದು."

ಇದೇ ಹೊತ್ತು ಎಂದುಕೊಂಡ ಮುನಿರಾಜ. ಇಷ್ಟು ದಿನ ಕಟ್ಟಿಹಾಕಿದ್ದ ಹಗ್ಗ ಬಿಚ್ಚಿ, ಏಳು ಎಂದ.

ಲುಂಗಿಯ ಮೇಲೆ ಕೈ ಮಲಗಿತ್ತು. ಇನ್ನೊಮ್ಮೆ ಏಳು ಎಂದ. ಅವಳು ಒತ್ತುತ್ತಿದ್ದ ಜಾಗವನ್ನು ನೆನೆದು, ಅಲ್ಲಿಂದ ಆ ಬಿಸಿ ಎಳೆಯನ್ನು ಹುಡುಕಿದ. ಮಣಿಕಟ್ಟಿನಲ್ಲಿ ಹುಡುಕಿದ, ಗೆಣ್ಣಿನಲ್ಲಿ ಹುಡುಕಿದ. ಹಗ್ಗ ಅವನ ಕೈಯಲ್ಲೇ ಇತ್ತು, ಆ ತುದಿಯಲ್ಲಿ ಕರು ಇರಲಿಲ್ಲ. ಎಂದಿನಿಂದ ಇರಲಿಲ್ಲವೋ ಅವನಿಗೆ ತಿಳಿಯಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಇತ್ತು, ಖಂಡಿತ ಇತ್ತು.

"ಯಾಕಪ್ಪ, ನನ್ನ ನೋಡೋದು ಬಿಟ್ಟು ಕೈ ನೋಡ್ಕೋತಿದೀಯ?"

"ಮಂಗಳ್ವಾರ" ಎಂದ. "ಮಂಗಳ್ವಾರ. ಮಂಗಳ್ವಾರ."

"ಇವತ್ತು ಶುಕ್ರವಾರ ಕಣಪ್ಪ" ಎಂದು ಅವಳು ನಕ್ಕಳು. ಅಲ್ಲಿ ಎಲ್ಲೋ ಗಂಟೆ ಹೊಡೆಯಿತು. "ಕ್ಲಾಸಿಗೆ ಹೊತ್ತಾಯ್ತು, ಇಡ್ತೀನಿ. ಅಮ್ಮ, ಅಪ್ಪಂಗೆ ಕಾಫಿ ಕೊಡು."

ಶ್ಯಾಮಲಾ ಫೋನನ್ನು ಸೆರಗಿನಲ್ಲೊರೆಸಿ ಒಳಗೆ ಹೋದಳು. ಕಾಫಿ ಲೋಟವನ್ನು ತಂದು ಅವನ ಎಡಗೈಗೆ ಕೊಟ್ಟು, ಒಲೆಯ ಮೇಲೆ ಸಾರಿದೆ ಎಂದು ಮತ್ತೆ ಒಳಗೆ ನಡೆದಳು. ಒಂದು ನೊಣ ಬಂದು ಲೋಟದ ಅಂಚನ್ನು ಮೂಸಿ, ಎದ್ದು, ಅವನ ಬಲಗೈಯ ತೋರುಬೆರಳಿನ ಮೇಲೆ ಕೂತಿತು. ಗೆಣ್ಣಿನಿಂದ ಗೆಣ್ಣಿಗೆ ನಡೆದು ಉಗುರಿನ ತುದಿಗೆ ಬಂತು. ಅಲ್ಲಿ ನಿಂತು, ಯಾವ ಅವಸರವೂ ಇಲ್ಲದೆ, ಬಿಸಿಲಿನಲ್ಲಿ ತನ್ನ ಮುಂಗಾಲುಗಳನ್ನು ಒಂದಕ್ಕೊಂದು ಉಜ್ಜಿಕೊಳ್ಳತೊಡಗಿತು.